ಅವರು ಕಾಲುವೆ ಪಕ್ಕದಲ್ಲೇ ಇರ್ತಾರಾ?

ನಾನೀಗ ನೆದರ್‌ಲ್ಯಾಂಡ್ಸಿನಲ್ಲಿದ್ದೇನೆ. ಇಲ್ಲಿ ಪಕ್ಕದ ಮನೆ ಅಜ್ಜನಿಗೆ ಒಬ್ಬಳು ಮೊಮ್ಮಗಳು. ಏಳು ವರ್ಷ ಇರಬೇಕು. ಬುಧವಾರ ಮಧ್ಯಾಹ್ನದ ಮೇಲೆ ಶಾಲೆ ಇಲ್ಲ, ಅಜ್ಜನ ಮನೆಗೆ ಬರುತ್ತಾಳೆ. ಹೋದ ಬುಧವಾರ ನಾನು ಬೇಗ ಲ್ಯಾಪ್‌ಟಾಪ್ ಮುಚ್ಚಿ ಹಿತ್ತಲಿಗೆ ಹೋದರೆ, ಅಜ್ಜ ಉದ್ದ ಕಾವಿನ ಕುಂಟೆ ಹಿಡಿದು ಕಾಲುವೆಯಲ್ಲಿ ಬೆಳೆದ ಜೊಂಡು, ಪಾಚಿ ಎಲ್ಲವನ್ನೂ ದಡಕ್ಕೆ ಎಳೆದು ಹಾಕುತ್ತಿದ್ದರು. ನಾನೂ ಬೂಟು ಹಾಕಿಕೊಂಡು ನಮ್ಮ ಕಡೆಯಿಂದ ಶುರು ಮಾಡಿದೆ. ನವೆಂಬರಿನಲ್ಲಿ ಇಲ್ಲಿನ ನೀರಿನ ಸಂಸ್ಥೆಯವರು ತಪಾಸಣೆಗೆ ಬರುತ್ತಾರೆ, ಅಷ್ಟರೊಳಗೆ ಕಾಲುವೆಯಲ್ಲಿ ನೀರು ಸಲೀಸಾಗಿ ಹರಿಯುವ ಹಾಗಿರಬೇಕು. ಈ ದಡದ ಅರ್ಧ ನಮ್ಮದು, ಆಚೆ ದಡದ ಅರ್ಧ ಎದುರು ಮನೆಯವರದು. ಮಾಡದಿದ್ದರೆ ಮೊದಲು ಪತ್ರ ಬರುತ್ತದೆ, ಆಮೇಲೆ ದಂಡ.

ಹುಡುಗಿ ದಡದಲ್ಲಿ ಕೂತು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು, "ನಿಮ್ಮ ದೇಶದಲ್ಲಿ ನೀರನ್ನ ಯಾರು ನೋಡ್ಕೋತಾರೆ?" ಸರ್ಕಾರ ಅಂದೆ. "ಸರ್ಕಾರ ಅಂದ್ರೆ ಯಾರು?" ಆಫೀಸಿದೆ, ಇಂಜಿನಿಯರುಗಳಿದ್ದಾರೆ ಅಂದೆ. ಅವಳು ಸ್ವಲ್ಪ ಯೋಚನೆ ಮಾಡಿದಳು. "ಅವರು ಕಾಲುವೆ ಪಕ್ಕದಲ್ಲೇ ಇರ್ತಾರಾ?"

ಅಜ್ಜ ನಕ್ಕರು. ನನಗೆ ನಗು ಬರಲಿಲ್ಲ. ಅವತ್ತಿನಿಂದ ಆಫೀಸಿನಲ್ಲಿ ಕೂತಾಗ, ಸೈಕಲ್ ತುಳಿಯುವಾಗ, ಅಡುಗೆ ಮಾಡುವಾಗ ಅದೇ ಪ್ರಶ್ನೆ ತಲೆಯಲ್ಲಿದೆ.

ನಾನಿರುವ ಊರಿನ ಹೆಸರು ನ್ಯೂವರ್ಕೆರ್ಕ್, ರಾಟರ್‌ಡ್ಯಾಮ್ ಮತ್ತು ಗೌಡಾ ನಗರಗಳ ನಡುವೆ ಬರುತ್ತದೆ. (ಹೌದು, ಊರಿನ ಹೆಸರೇ ಗೌಡಾ, ನಮ್ಮ ಮನೆಯವರೆಲ್ಲ ಕೇಳಿ ಖುಷಿಪಟ್ಟಿದ್ದಾರೆ.) ಇಲ್ಲಿನ ನೆಲ ಸಮುದ್ರಮಟ್ಟಕ್ಕಿಂತ 6.7 ಮೀಟರ್‌ಗೂ ಜಾಸ್ತಿ ಕೆಳಗಿದೆ, ನೆದರ್‌ಲ್ಯಾಂಡ್ಸಿನಲ್ಲೇ ತೀರಾ ತಗ್ಗಿನ ಜಾಗ. ಪಕ್ಕದಲ್ಲಿ ಹೊಲಾಂಡ್ಸ ಐಸಲ್ ನದಿ. ನೀವು ರಸ್ತೆಯಲ್ಲಿ ನಿಂತರೆ ನದಿ ಕಾಣಿಸುವುದಿಲ್ಲ, ಯಾಕೆಂದರೆ ನದಿ ನಿಮ್ಮ ತಲೆಗಿಂತ ಮೇಲೆ ಏರಿಯ ಆಚೆ ಹರಿಯುತ್ತಿರುತ್ತದೆ. ಆ ಏರಿಗಳನ್ನು ಬಲಪಡಿಸುವ ಕೆಲಸಕ್ಕೆ ನನ್ನನ್ನು ಬೆಂಗಳೂರಿನಿಂದ ಕಳಿಸಿದ್ದಾರೆ. ಬೆಂಗಳೂರಿನಲ್ಲಿ ಕೂತು ಇದೇ ನೆಲದ ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ಮಾಡುತ್ತಿದ್ದವನು ಈಗ ಆ ನೆಲದ ಮೇಲೆ ನಿಂತಿದ್ದೇನೆ.

ಅದು ನಿಲ್ಲಲಿಕ್ಕೆ ಕಷ್ಟವಾದ ನೆಲ. ನಾನು ಬೆಳೆದದ್ದು ಕೋಲಾರದ ಕಡೆ, ಮುಳಬಾಗಿಲು ಹತ್ತಿರದ ಹಳ್ಳಿಯಲ್ಲಿ. ನಮ್ಮ ಭೂಮಿ ಅಂದರೆ ಕೆಂಪು ಮಣ್ಣು, ಜಲ್ಲಿ, ಸ್ವಲ್ಪ ಅಗೆದರೆ ಬಂಡೆ. ಇಲ್ಲಿ ಕೊಳವೆ ಇಳಿಸಿ ಮಣ್ಣಿನ ಮಾದರಿ ತೆಗೆದರೆ ಕಪ್ಪಗೆ ಮೆತ್ತಗೆ ಏನೋ ಬರುತ್ತದೆ, ಥೇಟ್ ಫಿಲ್ಟರಿನಲ್ಲಿ ಉಳಿದ ಕಾಫಿ ಗಸಿ. ಅದರಲ್ಲಿ ಜೊಂಡಿನ ಎಳೆ ಇನ್ನೂ ಹಾಗೇ ಕಾಣಿಸುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ಕಂದು ನೀರು ಸುರಿಯುತ್ತದೆ, ಕೈಯಲ್ಲಿ ಉಳಿಯುವುದು ಒಂದಿಷ್ಟು ನಾರು. ಪೀಟ್ ಅಂತಾರೆ. ಸಾವಿರಾರು ವರ್ಷ ಜೌಗಿನಲ್ಲಿ ಗಿಡಗಳು ಪೂರ್ತಿ ಕೊಳೆಯದೆ ಕೂತು ಆದ ಮಣ್ಣು. ಇದರ ತೂಕ ಹೆಚ್ಚುಕಡಿಮೆ ನೀರಿನಷ್ಟೇ.

ಈ ತೂಕದ ವಿಷಯ ಸಣ್ಣದಲ್ಲ. 2003ರ ಆಗಸ್ಟಿನಲ್ಲಿ ವಿಲ್ನಿಸ್ ಅನ್ನುವ ಊರಿನಲ್ಲಿ ಪೀಟಿನ ಏರಿಯೊಂದು ರಾತ್ರೋರಾತ್ರಿ ಜರುಗಿ ಕಾಲುವೆ ನೀರು ಮನೆಗಳಿಗೆ ನುಗ್ಗಿತು. ಅದಕ್ಕೆ ಕಾರಣ ಮಳೆ ಅಲ್ಲ, ಬರ. ಬೇಸಿಗೆ ಒಣಗಿ ಏರಿಯ ಪೀಟ್ ಹಗುರವಾಗಿತ್ತು, ಏರಿಯ ಹಿಂದೆ ನಿಂತ ಕಾಲುವೆ ನೀರು ಅದನ್ನು ಹಾಗೇ ಪಕ್ಕಕ್ಕೆ ತಳ್ಳಿಬಿಟ್ಟಿತು. ಓದುವಾಗ ನಾವು ಕಲಿತದ್ದು ಏರಿ ಒಡೆಯೋದು ಮಳೆಗಾಲದಲ್ಲಿ ಅಂತ, ಅಲ್ವಾ? ಇಲ್ಲಿ ಬಿಸಿಲು ಜಾಸ್ತಿಯಾದರೆ ಜನ ಏರಿ ಮೇಲೆ ಬಿರುಕು ಹುಡುಕಿಕೊಂಡು ನಡೆಯುತ್ತಾರೆ. ಅದರಲ್ಲಿ ಸಂಬಳದವರೂ ಇರುತ್ತಾರೆ, ಸುಮ್ಮನೆ ಸ್ವಯಂಸೇವಕರಾಗಿ ಬರುವ ರೈತರು, ಅಂಗಡಿಯವರು, ಮೇಷ್ಟ್ರುಗಳೂ ಇರುತ್ತಾರೆ. ಏರಿಯಲ್ಲಿ ಬಿಲ ತೋಡುವ ಮಸ್ಕ್‌ರ‍್ಯಾಟ್ ಅನ್ನುವ ಇಲಿಯಂಥ ಪ್ರಾಣಿ ಹಿಡಿಯುವುದಕ್ಕೇ ಖಾಯಂ ನೌಕರರಿದ್ದಾರೆ. ಅಷ್ಟು ಹತ್ತಿರದಿಂದ ಏರಿಯನ್ನು ನೋಡುತ್ತಾರೆ.

ಇದನ್ನೆಲ್ಲ ನಡೆಸುವುದು ವಾಟರ್‌ಸ್ಖಾಪ್ ಅನ್ನುವ ಸಂಸ್ಥೆ. ದೇಶಕ್ಕೆಲ್ಲ ಸೇರಿ 21 ಇವೆ. ಕೆಲವಕ್ಕೆ 13ನೇ ಶತಮಾನದಷ್ಟು ಹಳೆಯ ಇತಿಹಾಸ. ನೀರಿನ ಸಲುವಾಗಿಯೇ ಬೇರೆ ತೆರಿಗೆ, ಬೇರೆ ಚುನಾವಣೆ. ನಾಲ್ಕು ವರ್ಷಕ್ಕೊಮ್ಮೆ ಮತ ಹಾಕುತ್ತಾರೆ, ಹೋದ ಸಲ 2023ರ ಮಾರ್ಚಿನಲ್ಲಿ ಆಯಿತು. ವಾಸದ ಪರವಾನಗಿ ಇದ್ದರೆ ನನ್ನಂಥ ಹೊರದೇಶದವನೂ ಮತ ಹಾಕಬಹುದು. ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕಿಲ್ಲ, ನೀರಿಗೆ ಇದೆ! ಮನೆಗೆ ನೀರು ನುಗ್ಗಿದರೆ ಅದು ಪಾಸ್‌ಪೋರ್ಟ್ ನೋಡಿಕೊಂಡು ನುಗ್ಗುವುದಿಲ್ಲವಲ್ಲ, ನನಗೆ ಇದು ತುಂಬಾ ಸರಿ ಅನಿಸಿತು. ಈ ಸಂಸ್ಥೆಯ ಅಧ್ಯಕ್ಷರಿಗೆ ಡೈಕ್‌ಗ್ರಾಫ್ ಅನ್ನುತ್ತಾರೆ, ಏರಿಯ ಯಜಮಾನ ಅಂತಲೇ ಇಟ್ಟುಕೊಳ್ಳಿ, ಊರಿನಲ್ಲಿ ಒಳ್ಳೆ ಮರ್ಯಾದೆ ಇರುವ ಹುದ್ದೆ.

ಕೆಲಸದಲ್ಲಿ ನನಗೆ ಒಗ್ಗಿಕೊಳ್ಳಲು ಹೊತ್ತು ಹಿಡಿದದ್ದು ಲೆಕ್ಕ ಅಲ್ಲ, ಲೆಕ್ಕ ಎಲ್ಲಾದರೂ ಒಂದೇ. 2017ರಿಂದ ಇಲ್ಲಿ ಹೊಸ ಮಾನದಂಡ ಬಂದಿದೆ. ಏರಿಯ ಹಿಂದೆ ಬದುಕುವ ಯಾರೇ ಆದರೂ ಪ್ರವಾಹದಿಂದ ಸಾಯುವ ಸಂಭವ ವರ್ಷಕ್ಕೆ ಲಕ್ಷದಲ್ಲಿ ಒಂದಕ್ಕಿಂತ ಜಾಸ್ತಿ ಇರಬಾರದು, 2050ರೊಳಗೆ ಮುಖ್ಯ ಏರಿಗಳೆಲ್ಲ ಈ ಮಟ್ಟ ಮುಟ್ಟಬೇಕು. ಆದರೆ ಆ ಸಂಖ್ಯೆಯನ್ನು ಮನುಷ್ಯರ ಎದುರು ಕೂತು ಹೇಳಬೇಕು, ಅದು ನನಗೆ ಹೊಸದು. ಏರಿಯ ಮೈಮೇಲೇ ಹಳೆಯ ಮನೆಗಳಿವೆ. ಅಂಥ ಒಂದು ಮನೆಯ ಅಜ್ಜಿ ನಮ್ಮ ನಕ್ಷೆಯನ್ನು ತಮ್ಮ ಊಟದ ಮೇಜಿನ ಮೇಲೆ ಬಿಡಿಸಿ, ಕನ್ನಡಕ ಏರಿಸಿ, ಏರಿ ಬಲಪಡಿಸಲು ನೆಲದೊಳಕ್ಕೆ ಉಕ್ಕಿನ ಹಲಗೆ ಬಡಿಯುವ ಗೆರೆ ಅವರ ಗೋಡೆಯಿಂದ ಎಷ್ಟು ದೂರ ಅಂತ ಸ್ಕೇಲಿಟ್ಟು ಅಳೆದರು. ಆಮೇಲೆ ಗೋಡೆಯ ಬಿರುಕುಗಳನ್ನು ಒಂದೊಂದಾಗಿ ತೋರಿಸಿದರು. ಯಾವುದು ಯಾವ ವರ್ಷ ಬಂತು ಅಂತ ಅವರಿಗೆ ಗೊತ್ತಿತ್ತು. ಬೆಂಗಳೂರಿನಲ್ಲಿ ನಾನು ಎಷ್ಟೋ ಅಣೆಕಟ್ಟಿನ ಲೆಕ್ಕ ಮಾಡಿದ್ದೇನೆ, ಅದರ ಕೆಳಗಿನ ಊರಿನ ಒಬ್ಬರ ಮನೆಯಲ್ಲೂ ಕೂತು ಮಾತಾಡಿದ್ದಿಲ್ಲ. ಯಾರೂ ಕಳಿಸಲಿಲ್ಲ, ಅಂಥ ಪದ್ಧತಿಯೇ ಇರಲಿಲ್ಲ.

ಆ ಅಜ್ಜಿಗೆ 1953 ನೆನಪಿದೆ. ಜನವರಿ 31ರ ರಾತ್ರಿ ಶುರುವಾದ ಬಿರುಗಾಳಿಗೆ ಏರಿಗಳು ಒಡೆದು ಈ ದೇಶದಲ್ಲಿ 1,836 ಜನ ಸತ್ತರು. ನಾನಿರುವ ಈ ಊರ ಹತ್ತಿರವೂ ಐಸಲ್ ನದಿಯ ಏರಿ ಬಿರಿಯಿತು. ಒಬ್ಬ ದೋಣಿಯವನು ತನ್ನ ಹಡಗನ್ನೇ ತಂದು ಆ ಬಿರುಕಿಗೆ ಅಡ್ಡ ನಿಲ್ಲಿಸಿದ, ನೀರು ನಿಂತಿತು. ಅಲ್ಲಿ ಈಗ ಒಂದು ಸ್ಮಾರಕ ಇದೆ. ಆ ಒಂದು ಬಿರುಕು ಹಿಗ್ಗಿದ್ದರೆ ಮುಳುಗುತ್ತಿದ್ದದ್ದು ಲಕ್ಷಾಂತರ ಜನ. ಆಮೇಲೆ ದೇಶ ಕೈಗೊಂಡ ದೊಡ್ಡ ರಕ್ಷಣಾ ಯೋಜನೆಯ ಮೊದಲ ಗೇಟು ಇದೇ ನದಿಗೆ, 1958ರಲ್ಲಿ ಬಂತು.

ಇವರನ್ನು ಸುಮ್ನೆ ಹೊಗಳಬೇಕು ಅಂತ ಬರೆಯುತ್ತಿಲ್ಲ. ಈ ತಗ್ಗು ಇವರೇ ಮಾಡಿಕೊಂಡದ್ದು. ಹಿಂದಿನವರು ಉರುವಲಿಗೆ ಪೀಟ್ ಕೊಚ್ಚಿ ಕೊಚ್ಚಿ ಕೆರೆ ಮಾಡಿದರು, 19ನೇ ಶತಮಾನದಲ್ಲಿ ಆ ಕೆರೆಯ ನೀರು ಹೊರಹಾಕಿ ಹೊಲ ಮಾಡಿದರು. ಪೀಟಿನಿಂದ ನೀರು ತೆಗೆದಷ್ಟೂ ಅದು ಗಾಳಿಗೆ ಕರಗಿ ನೆಲ ಕುಸಿಯುತ್ತದೆ, ನೆಲ ಕುಸಿದಷ್ಟೂ ಇನ್ನಷ್ಟು ನೀರು ಎತ್ತಬೇಕು. ಇದು ಮುಗಿಯುವ ಕೆಲಸವೇ ಅಲ್ಲ. ಮುಗಿಯುವುದಿಲ್ಲ ಅಂತ ಗೊತ್ತಿರುವುದರಿಂದಲೇ ಏಳು ವರ್ಷದ ಮಗುವಿಗೂ ನೀರು ಯಾರ ಪಾಲು ಅಂತ ಗೊತ್ತಿದೆ.

ಹಾಗಾದರೆ ನಮ್ಮಲ್ಲಿ? ಅವಳಿಗೆ ನಾನು ಹೇಳಬೇಕಾಗಿದ್ದ ನಿಜವಾದ ಉತ್ತರ ಇದು: ಹೌದು ಪುಟ್ಟಿ, ನಮ್ಮಲ್ಲಿ ಒಬ್ಬ ಇದ್ದ, ನೀರಿನ ಪಕ್ಕದಲ್ಲೇ ಇದ್ದ.

ನಮ್ಮೂರ ನೀರುಗಂಟಿಯನ್ನು, ಅಂದರೆ ಕೆರೆ ಕಾದು ನೀರು ಹಂಚುವವನನ್ನು, ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ಕೆರೆಯಿಂದ ನೀರು ಬಿಡುವ ತೂಬಿನ ಎರಡು ಕಲ್ಲುಕಂಬಗಳ ನಡುವೆ ಇಳಿಬಿಟ್ಟ ಗಳು, ಅದರ ತುದಿಗೆ ಬೆಣೆ. ಅದನ್ನು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ಅವನ ತಲೆಯಲ್ಲಿತ್ತು. ಕೆರೆ ತುಂಬಿ ಕೋಡಿ ಬೀಳುವ ದಿನ ಊರೆಲ್ಲ ಗಂಗಮ್ಮನ ಪೂಜೆಯ ಸಡಗರದಲ್ಲಿದ್ದರೆ ಅವನು ಲಾಟೀನು ಹಿಡಿದು ರಾತ್ರಿಯಿಡೀ ಏರಿ ಮೇಲೆ ಓಡಾಡುತ್ತಿದ್ದ. ಏರಿಯ ಕೆಳಗೆ ನೀರು ಒಸರಿದರೆ ಮೊದಲು ಅದರ ಬಣ್ಣ ನೋಡುತ್ತಿದ್ದ. ತಿಳಿಯಾಗಿದ್ದರೆ ಭಯವಿಲ್ಲ, ಕೆಂಪಗಿದ್ದರೆ ಏರಿಯ ಮಣ್ಣು ಕೊಚ್ಚಿಕೊಂಡು ಹೋಗ್ತಿದೆ ಅಂತ. ಇವತ್ತು ನಾನು ಇಲ್ಲಿ ಸಾಫ್ಟ್‌ವೇರ್ ಇಟ್ಟುಕೊಂಡು ಲೆಕ್ಕ ಹಾಕುವುದು ಇದೇ ವಿಷಯವನ್ನ. ಅವನು ಶಾಲೆಗೇ ಹೋದವನಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ನಿಂತರೆ ಪ್ರತಿ ಮನೆಯವರೂ ಅವನ ಪಾಲಿನ ರಾಗಿ, ಭತ್ತ ಅಳೆದು ಕೊಡುತ್ತಿದ್ದರು.

ಕಣದಲ್ಲೇ ಕೊಡುತ್ತಿದ್ದರು, ಮನೆಯೊಳಗಲ್ಲ. ಅವನು ದಲಿತ. ಊರಿನ ಅಷ್ಟೂ ಗದ್ದೆಗೆ ನೀರು ಹಂಚುವುದರಲ್ಲಿ ಅವನ ಮಾತೇ ಕೊನೆ, ಅದೇ ಊರಿನ ಬಾವಿಯ ನೀರು ಅವನು ಮುಟ್ಟುವ ಹಾಗಿರಲಿಲ್ಲ. ನಮ್ಮ ತಾತ ಒಳ್ಳೆಯವರು ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ, ಆದರೆ ಅವರ ಜಗಲಿ ಮೇಲೆ ಅವನು ಕೂತದ್ದು ನಾನು ನೋಡಿಲ್ಲ. ಇಲ್ಲಿ ಏರಿ ಕಾಯುವವನನ್ನು ಯಜಮಾನ ಅಂದರು, ನಾವು ಕಣದ ಅಂಚಿನಲ್ಲಿ ನಿಲ್ಲಿಸಿದೆವು. ಬೋರ್‌ವೆಲ್ ಬಂದು, ಸಾವಿರ ಅಡಿ ದಾಟಿ ಕೊರೆಯೋ ಕಾಲ ಬಂದಾಗ, ಕೆರೆಯನ್ನ ಯಾರೂ ಕೇಳಲಿಲ್ಲ, ಅವನ ಪಾಲನ್ನೂ ಯಾರೂ ಅಳೆಯಲಿಲ್ಲ. ಅವನ ಮಕ್ಕಳು ಆ ಕೆಲಸಕ್ಕೆ ಬರಲಿಲ್ಲ. ಯಾಕಾದರೂ ಬರಬೇಕಿತ್ತು?

ಬೆಂಗಳೂರಿನ ಕತೆ ನಿಮಗೇ ಗೊತ್ತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. 2022ರಲ್ಲಿ ಹೊರವರ್ತುಲ ರಸ್ತೆಯಲ್ಲಿ ದೋಣಿ, ಟ್ರ್ಯಾಕ್ಟರ್ ಓಡಿದವು, 2024ರಲ್ಲಿ ಅದೇ ಊರಿನಲ್ಲಿ ಟ್ಯಾಂಕರಿಗೆ ಕ್ಯೂ. ರಾಜಕಾಲುವೆ ಪಕ್ಕದಲ್ಲಿ ನಮ್ಮ ಜನ ಇರೋದೇನೋ ಹೌದು, ಅದರಲ್ಲಿ ತಮ್ಮ ಪಾಲಿನ ಅರ್ಧ ಯಾವುದು ಅಂತ ಅವರಿಗೆ ಯಾರೂ ಹೇಳಿಲ್ಲ, ಅವರೂ ಕೇಳಿಲ್ಲ.

ಕೋಲಾರದ ಕೆರೆಗಳಿಗೆ ಒಂದು ಅವಕಾಶ ಮತ್ತೆ ಬಂದಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಯಿಂದ ಕೆರೆಗೆ ಹರಿಯುತ್ತಿದೆ, ಅಂತರ್ಜಲ ತುಂಬಲಿ ಅಂತ. ಆ ನೀರಿನ ಗುಣಮಟ್ಟದ ಬಗ್ಗೆ ತಕರಾರಿದೆ, ಅದು ಬೇರೆ ಮಾತು. ನನ್ನ ಚಿಂತೆ ಏರಿಯದು. ಎಷ್ಟೋ ವರ್ಷ ಒಣಗಿ ನಿಂತ ಏರಿ ಮೇಲೆ ಸೀಮೆಜಾಲಿ ಬೆಳೆದಿದೆ, ಅದರ ಬೇರು ಕೊಳೆತರೆ ಒಳಗೆ ಕೊಳವೆಯಂಥ ದಾರಿ ಆಗುತ್ತದೆ, ತುಂಬಿದ ಕೆರೆಯ ನೀರಿಗೆ ಅಷ್ಟು ಸಾಕು.

ಭಾನುವಾರ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿ ನಮ್ಮ ಕೆರೆ ಏರಿಯ ಫೋಟೋ ಕಳಿಸು ಅಂದೆ. ಕಳಿಸಿದ. ಜಾಲಿಯ ನಡುವೆ ತೂಬಿನ ಒಂದು ಕಂಬ ಮಾತ್ರ ಕಾಣಿಸುತ್ತಿತ್ತು. ನೀರುಗಂಟಿಯ ಮೊಮ್ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅವನ ನಂಬರೂ ಕೊಟ್ಟ. ಮಾತಾಡಿದೆ. ತಾತ ಏರಿಯ ಯಾವ ಜಾಗ ಮೆತ್ತಗಿದೆ ಅನ್ನುತ್ತಿದ್ದರು ಅಂತ ಅವನಿಗೆ ಇನ್ನೂ ನೆನಪಿದೆ. ಕೆರೆ ಸಂಘ ಮತ್ತೆ ಶುರು ಮಾಡೋಣ, ಏರಿ ನೋಡಿಕೊಳ್ಳೋದಕ್ಕೆ ನಿನ್ನಂಥ ತಿಳಿದವರು ಬೇಕು ಅಂದೆ.

ಅವನು ಸಿಟ್ಟಾಗಲಿಲ್ಲ, ತುಂಬಾ ಸಮಾಧಾನವಾಗಿ ಕೇಳಿದ, "ಸಂಬಳ ಎಷ್ಟು ಅಂತ ಆಮೇಲೆ ಮಾತಾಡೋಣ ಅಣ್ಣ. ಸಂಘದಲ್ಲಿ ನನಗೆ ಕುರ್ಚಿ ಇರುತ್ತಾ?"

ಇರಬೇಕು ಅಂದೆ. ಅಧ್ಯಕ್ಷನ ಕುರ್ಚಿಯೇ ನಿನ್ನದಾಗಬೇಕು ಅಂತ ನನಗೆ ಅನಿಸುತ್ತೆ ಅಂದೆ. ಆದರೆ ಅದು ನಾನೊಬ್ಬ ಇಲ್ಲಿ ಕೂತು ಕೊಡೋಕೆ ಆಗೋದಲ್ಲ. ಜನವರಿಯಲ್ಲಿ ರಜೆಗೆ ಬರುತ್ತೇನೆ. ಜಾಲಿ ಬೇರುಸಹಿತ ತೆಗೆಸಿ ಗುಂಡಿ ಗಟ್ಟಿಸುವ ಖರ್ಚು ನಾನು ಹಾಕುತ್ತೇನೆ ಅಂತ ದೊಡ್ಡಪ್ಪನ ಮಗನಿಗೆ ಹೇಳಿದ್ದೇನೆ. ಕುರ್ಚಿಯ ವಿಷಯವನ್ನು ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಇಡಬೇಕು ಅಂತಲೂ ಹೇಳಿದ್ದೇನೆ. ಖರ್ಚಿನ ಮಾತಿಗೆ ಅವನು ತಕ್ಷಣ ಒಪ್ಪಿದ. ಇನ್ನೊಂದಕ್ಕೆ, ನೀನು ಬಾ, ನೋಡೋಣ ಅಂದಿದ್ದಾನೆ.