ಎರಡು ಅಂಗುಲ ಸಾಲದ ಹಗ್ಗ

ಶ್ರಾವಣ ಮಾಸದ ಬಹುಳ ಅಷ್ಟಮಿ, ಅಂದರೆ ಕೃಷ್ಣ ಜನ್ಮಾಷ್ಟಮಿಯು ಉಪವಾಸದ, ಜಾಗರಣೆಯ, ನಡುರಾತ್ರಿಯ ಅರ್ಘ್ಯದ ದಿನ. ಚಿಕ್ಕ ಗಂಡುಮಕ್ಕಳಿರುವ ಮನೆಯಲ್ಲಿ ಇದನ್ನು ವಿಧಿಯಂತೆ ನಡೆಸುವುದು ಹೇಗೆ ಎಂಬುದನ್ನು ಮಾತ್ರ ಯಾವ ಪಂಚಾಂಗವೂ ಹೇಳುವುದಿಲ್ಲ. ಹೊಟ್ಟೆಯಲ್ಲಿ ಹಸಿವು ಇಟ್ಟುಕೊಂಡು, ಮಡಿಯುಟ್ಟು, ಚಕ್ಕುಲಿ ಒತ್ತಿ, ಉಂಡೆ ಕಟ್ಟಿ, ನೈವೇದ್ಯವಾಗುವ ಮೊದಲು ಯಾರ ಕೈಗೂ ಸಿಗದಂತೆ ಡಬ್ಬಿಗಳನ್ನು ಅಟ್ಟದ ಮೇಲಿಡುವಾಗ, ಬೆಣ್ಣೆಯ ಗಡಿಗೆಯನ್ನು ನೆಲುವಿಗೆ ಕಟ್ಟಿ ನಿಶ್ಚಿಂತರಾದ ಗೋಪಿಯರ ಸಾಲಿಗೆ ನಾವೂ ಸೇರಿದ್ದೇವೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಯಾರ ಹಬ್ಬವೋ ಅವನಂಥವರಿಂದಲೇ ಹಬ್ಬದ ತಿಂಡಿಯನ್ನು ಬಚ್ಚಿಡಬೇಕಾದ ಹಬ್ಬ ಇದೊಂದೇ ಇರಬೇಕು.

ನಮ್ಮ ಮನೆಯಲ್ಲಿ ಏಳು ವರ್ಷದವನೊಬ್ಬ, ನಾಲ್ಕು ವರ್ಷದವನೊಬ್ಬ ಇದ್ದಾರೆ. ಅಷ್ಟಮಿಯ ಬೆಳಗಿನ ಮೊದಲ ಜಗಳ ವೇಷದ್ದು. ಕಿರೀಟ, ನವಿಲುಗರಿ, ಕೊಳಲು ಒಂದೊಂದೇ ಇರುವುದರಿಂದ ಕೃಷ್ಣನೂ ಒಬ್ಬನೇ ಆಗಬೇಕು. ಬಲರಾಮನಾಗಲು ಇಬ್ಬರೂ ಒಪ್ಪುವುದಿಲ್ಲ. ‘ಬಲರಾಮ ಏನೂ ಮಾಡೋದಿಲ್ಲ, ಸುಮ್ನೆ ಪಕ್ಕದಲ್ಲಿ ನಿಂತಿರ್ತಾನೆ’ ಎಂಬುದು ದೊಡ್ಡವನ ಆಕ್ಷೇಪ. ಕಳೆದ ಅಷ್ಟಮಿಯಂದು ನಮ್ಮ ಅತ್ತೆಯವರು ನಡುವೆ ಬಂದು, ಬಲರಾಮನಿಗೆ ಹಲಾಯುಧ, ಮುಸಲಾಯುಧ ಎಂಬ ಹೆಸರುಗಳಿವೆಯೆಂದೂ, ನೇಗಿಲು ಮತ್ತು ಒನಕೆಗಳೇ ಅವನ ಆಯುಧಗಳೆಂದೂ ಮೊಮ್ಮಕ್ಕಳಿಗೆ ಬಿಡಿಸಿ ಹೇಳಿದರು. ವಿವಾದ ಅಲ್ಲಿಗೆ ಮುಗಿಯಿತೆಂದು ಅವರು ತಿಳಿದರು. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಕೃಷ್ಣನ ಕಿರೀಟ ಅನಾಥವಾಗಿ ಮಂಚದ ಕೆಳಗೆ ಬಿದ್ದಿತ್ತು. ಇಬ್ಬರು ಬಲರಾಮರು ಮನೆಯಲ್ಲಿದ್ದ ಒಂದೇ ಲಟ್ಟಣಿಗೆಗಾಗಿ ಕಾದಾಡುತ್ತಿದ್ದರು.

ಭಾಗವತದ ದಶಮಸ್ಕಂಧವನ್ನು ನಾನು ಮದುವೆಗೆ ಮೊದಲೂ ಕೇಳಿದ್ದೆ. ಆಗ ಅದೆಲ್ಲ ದೂರದ ಗೋಕುಲದ ಲೀಲೆಯಾಗಿ ಕಾಣುತ್ತಿತ್ತು. ಮಕ್ಕಳಾದ ಮೇಲೆ ಓದಿದಾಗ ಅದರ ಎಂಟನೆಯ ಮತ್ತು ಒಂಬತ್ತನೆಯ ಅಧ್ಯಾಯಗಳು ಗಂಡುಹುಡುಗರನ್ನು ಸಾಕಿ ಸೋತ ಯಾರನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಬರೆದಂತೆ ಕಾಣತೊಡಗಿದವು. ಗೋಪಿಯರು ಗುಂಪಾಗಿ ಬಂದು ಯಶೋದೆಯ ಮುಂದೆ ಹೇಳುವ ದೂರುಗಳನ್ನು ನೋಡಬೇಕು. ಹಾಲು ಕರೆಯುವ ಹೊತ್ತಿಗೆ ಮುಂಚೆಯೇ ಕರುಗಳನ್ನು ಬಿಚ್ಚಿಬಿಡುತ್ತಾನೆ, ಗದರಿದರೆ ನಗುತ್ತಾನೆ. ಕದ್ದ ಹಾಲುಮೊಸರನ್ನು ತಾನು ತಿನ್ನುವುದಲ್ಲದೆ ಕೋತಿಗಳಿಗೂ ಹಂಚುತ್ತಾನೆ, ಅವು ತಿನ್ನದಿದ್ದರೆ ಗಡಿಗೆಯನ್ನೇ ಒಡೆಯುತ್ತಾನೆ. ಏನೂ ಸಿಗದಿದ್ದರೆ ಮನೆಯವರ ಮೇಲೆ ಸಿಟ್ಟಾಗಿ ಅಲ್ಲಿನ ಮಕ್ಕಳನ್ನು ಅಳಿಸಿ ಹೋಗುತ್ತಾನೆ. ಎತ್ತರದಲ್ಲಿ ಕಟ್ಟಿದ್ದಕ್ಕೆ ಮಣೆ, ಒರಳುಗಳನ್ನು ಪೇರಿಸಿಕೊಂಡು ಹತ್ತುತ್ತಾನೆ. ಕತ್ತಲ ಕೋಣೆಯಲ್ಲಿ ಮೈಮೇಲಿನ ರತ್ನಗಳನ್ನೇ ದೀಪ ಮಾಡಿಕೊಳ್ಳುತ್ತಾನೆ. ಸಾರಿಸಿ ಚೊಕ್ಕಟ ಮಾಡಿದ ಮನೆಯಲ್ಲಿ ಮೂತ್ರ ಮಾಡುತ್ತಾನೆ. ಇಷ್ಟೆಲ್ಲ ಮಾಡಿದವನು ನಿನ್ನ ಪಕ್ಕದಲ್ಲಿ ಮಾತ್ರ ಸಾಧುವಿನಂತೆ ನಿಂತಿದ್ದಾನೆ ನೋಡು. ಪ್ರವಚನ ಮಾಡುವವರಲ್ಲಿ ಹಲವರು ಮೂತ್ರದ ಮಾತನ್ನು ಹಾರಿಸಿ ಮುಂದೆ ಹೋಗುತ್ತಾರೆ. ಭಾಗವತವನ್ನು ಹೇಳಿದ ಶುಕಮುನಿಗಳು ಹಾರಿಸಲಿಲ್ಲ. ಏಳೇ ದಿನಗಳ ಆಯುಸ್ಸು ಉಳಿದಿದ್ದ ಪರೀಕ್ಷಿತ ಮಹಾರಾಜ ಮೋಕ್ಷಕ್ಕಾಗಿ ಕಿವಿಗೊಟ್ಟು ಕುಳಿತಿರುವಾಗ ಈ ವಿವರವೂ ಅವನಿಗೆ ತಿಳಿದಿರಬೇಕೆಂದು ಅವರಿಗೆ ಅನಿಸಿತಲ್ಲ, ಆ ಔದಾರ್ಯಕ್ಕೆ ನಾನು ಮನಸ್ಸಿನಲ್ಲೇ ನಮಸ್ಕರಿಸುತ್ತೇನೆ.

ದೂರು ಕೇಳಿದ ಯಶೋದೆ ಮಗನ ಮುಖ ನೋಡಿ ನಕ್ಕಳಂತೆ. ಬೈಯಲು ಅವಳಿಗೆ ಮನಸ್ಸಾಗಲಿಲ್ಲವಂತೆ. ದೂರು ತಂದವರ ಎದುರಿಗೇ ನಗುವ ಧೈರ್ಯ ನಮಗಿಲ್ಲ. ನಾವು ಗಂಭೀರವಾದ ಮುಖ ಮಾಡಿಕೊಂಡು ಕ್ಷಮೆ ಕೇಳಿ, ಬಾಗಿಲು ಹಾಕಿದ ಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತೇವೆ.

ಅದೇ ಅಧ್ಯಾಯದಲ್ಲಿ ಮಣ್ಣು ತಿಂದ ಪ್ರಸಂಗವೂ ಬರುತ್ತದೆ. ಬಾಯಿಯೊಳಗೆ ಬ್ರಹ್ಮಾಂಡ ಕಂಡದ್ದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಆದರೆ ಚಾಡಿ ಹೇಳಿದವರು ಯಾರು ಎಂಬುದನ್ನು ಇಬ್ಬರು ಮಕ್ಕಳ ತಾಯಿಯಾದವಳು ಮಾತ್ರ ಗಮನಿಸುತ್ತಾಳೆ: ಆಟದ ಗೆಳೆಯರೊಂದಿಗೆ ಬಂದು ‘ಕೃಷ್ಣ ಮಣ್ಣು ತಿಂದ’ ಎಂದು ವರದಿ ಒಪ್ಪಿಸಿದವನು ಸಾಕ್ಷಾತ್ ಅಣ್ಣ ಬಲರಾಮ. ಅದಕ್ಕೆ ತಮ್ಮನ ಉತ್ತರವೂ ನಮಗೆ ಹೊಸದಲ್ಲ. ನಾನು ತಿಂದಿಲ್ಲ, ಇವರೆಲ್ಲ ಸುಳ್ಳು ಹೇಳುತ್ತಿದ್ದಾರೆ, ಬೇಕಾದರೆ ಬಾಯಿ ನೋಡು. ನಮ್ಮಲ್ಲಿ ಮಣ್ಣಿನ ಬದಲು ಎಳ್ಳುಂಡೆ. ದೊಡ್ಡವನು ಅಡುಗೆಮನೆಗೆ ಓಡಿ ಬಂದು, ತಮ್ಮನು ದೇವರ ಉಂಡೆಯನ್ನು ನೆಕ್ಕಿ ಮತ್ತೆ ಡಬ್ಬಿಗೆ ಹಾಕಿದನೆಂದು ಹೇಳಿದ. ಅದನ್ನು ಹೇಳುವಾಗ ಅವನ ತುಟಿಯ ಮೇಲೂ ಎರಡು ಎಳ್ಳು ಇದ್ದವು. ಚಿಕ್ಕವನು ಕೇಳುವ ಮೊದಲೇ ಬಾಯಿ ತೆರೆದು ನಿಂತ. ಅಲ್ಲಿ ಬ್ರಹ್ಮಾಂಡ ಕಾಣಲಿಲ್ಲ, ಬೆಲ್ಲ ಧಾರಾಳವಾಗಿ ಕಂಡಿತು. ನೈವೇದ್ಯ ಎಂಜಲಾಯಿತಲ್ಲ ಎಂದು ನಾನು ಕೈಚೆಲ್ಲಿದಾಗ, ಮಡಿಯ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಡದ ಅತ್ತೆಯವರು ಡಬ್ಬಿಯನ್ನು ಒಮ್ಮೆ, ಮೊಮ್ಮಗನನ್ನು ಒಮ್ಮೆ ನೋಡಿ, ‘ಈ ಡಬ್ಬಿ ಇವರಿಗೇ ಇರಲಿ, ಇನ್ನೊಂದನ್ನು ನಾನು ನಿನ್ನೆಯೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ’ ಎಂದರು. ಅವರೂ ಗಂಡುಮಕ್ಕಳನ್ನೇ ಹೆತ್ತವರು.

ಮಕ್ಕಳೆಲ್ಲರೂ ಕೃಷ್ಣರೇ, ಅವರ ತುಂಟತನವೆಲ್ಲ ದೈವಲೀಲೆಯೇ ಎಂದು ಹಬ್ಬದ ದಿನಗಳಲ್ಲಿ ಹೇಳುವುದುಂಟು. ಈ ಮಾತು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಸಾಮಾನ್ಯವಾಗಿ ಇದನ್ನು ಹೇಳುವವರು ಚೆಲ್ಲಿದ್ದನ್ನು ಒರೆಸುವವರಲ್ಲ. ಯಶೋದೆಯೂ ಹಾಗೆ ಹೇಳಿ ಸುಮ್ಮನಾಗಲಿಲ್ಲ. ಕೋಲು ಹಿಡಿದು ಬೆನ್ನಟ್ಟಿದಳು. ಒಂಬತ್ತನೆಯ ಅಧ್ಯಾಯದ ಆ ದಿನ ಮನೆಯ ದಾಸಿಯರೆಲ್ಲ ಬೇರೆ ಕೆಲಸಗಳಲ್ಲಿ ತೊಡಗಿದ್ದರಿಂದ ನಂದಗೋಪನ ಹೆಂಡತಿ ತಾನೇ ಮೊಸರು ಕಡೆಯಲು ಕುಳಿತಿದ್ದಳು. ಮಗ ಬಂದು ಕಡಗೋಲನ್ನು ಹಿಡಿದು ನಿಲ್ಲಿಸಿದ, ತೊಡೆಯೇರಿದ, ಹಾಲು ಕುಡಿಯತೊಡಗಿದ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಪರಬ್ರಹ್ಮವನ್ನು ಮಡಿಲಿನಿಂದ ಕೆಳಗಿಳಿಸಿ ಅವಳು ಒಲೆಯ ಬಳಿಗೆ ಓಡಿದಳು. ಯಾವ ತಾಯಿಯೂ ಮಾಡುವುದನ್ನೇ ಅವಳು ಮಾಡಿದಳು, ಮತ್ತು ಯಾವ ಮಗುವೂ ಮಾಡುವುದನ್ನೇ ಅವನೂ ಮಾಡಿದ: ತುಟಿ ಕಚ್ಚಿ, ಸುಳ್ಳು ಕಣ್ಣೀರು ತಂದುಕೊಂಡು, ಕಲ್ಲಿನಿಂದ ಮೊಸರಿನ ಗಡಿಗೆಯನ್ನು ಒಡೆದು, ಒಳಗೆ ಹೋಗಿ ಬೆಣ್ಣೆ ತಿನ್ನತೊಡಗಿದ. ಆ ಕಣ್ಣೀರನ್ನು ಸುಳ್ಳೆಂದು ಭಾಗವತವೇ ಕರೆದಿದೆ, ನಾನು ಸೇರಿಸಿದ್ದಲ್ಲ.

ಮುಂದಿನದು ಮಗುವಿನ ಹಿಂದೆ ಓಡಿದವರಿಗೆಲ್ಲ ಗೊತ್ತು. ಬೋರಲು ಹಾಕಿದ ಒರಳಿನ ಮೇಲೆ ನಿಂತು ಕೋತಿಗೆ ಬೆಣ್ಣೆ ಹಂಚುತ್ತಿದ್ದವನು ತಾಯಿಯ ಕೈಯಲ್ಲಿ ಕೋಲು ಕಂಡ ಕೂಡಲೇ ಹಾರಿ ಓಡಿದ. ಯೋಗಿಗಳ ತಪಸ್ಸಿಗೂ ಎಟುಕದವನನ್ನು ಅವಳು ಏದುಸಿರು ಬಿಡುತ್ತ ಹಿಡಿದಳು. ಕಾಡಿಗೆ ಕದಡುವಂತೆ ಕಣ್ಣುಜ್ಜಿಕೊಂಡು ಅಳುತ್ತಿದ್ದವನನ್ನು ನೋಡಿ ಕೋಲನ್ನು ಎಸೆದಳು. ಆದರೆ ತಪ್ಪನ್ನು ಹಾಗೆಯೇ ಬಿಡಲಿಲ್ಲ, ಒರಳಿಗೆ ಕಟ್ಟಲು ಹೋದಳು. ಹಗ್ಗ ಎರಡು ಅಂಗುಲ ಸಾಲಲಿಲ್ಲ. ಇನ್ನೊಂದನ್ನು ಸೇರಿಸಿದಳು, ಮತ್ತೆ ಎರಡು ಅಂಗುಲ ಕಡಿಮೆ. ಮನೆಯ ಹಗ್ಗಗಳೆಲ್ಲ ಮುಗಿದರೂ ಕೊರತೆ ಅಷ್ಟೇ ಉಳಿಯಿತು. ಸುತ್ತ ನಿಂತ ಗೋಪಿಯರು ನಕ್ಕರು, ಅವಳೂ ನಕ್ಕಳು.

ಆ ಎರಡು ಅಂಗುಲಗಳಲ್ಲಿ ಒಂದು ಭಕ್ತನ ಪ್ರಯತ್ನ, ಇನ್ನೊಂದು ಭಗವಂತನ ಕೃಪೆ ಎಂದು ವ್ಯಾಖ್ಯಾನಕಾರರು ಹೇಳಿದ್ದಾರೆ. ಅರ್ಥ ಬಹಳ ಸೊಗಸಾಗಿದೆ. ನನ್ನ ಮನಸ್ಸು ಮಾತ್ರ ಅದರ ಮುಂದಿನ ಶ್ಲೋಕದಲ್ಲಿ ನಿಂತುಬಿಡುತ್ತದೆ. ತಾಯಿಯ ಮೈ ಬೆವರಿತ್ತು, ಮುಡಿಯಿಂದ ಹೂಮಾಲೆ ಜಾರಿತ್ತು. ಅವಳ ಶ್ರಮವನ್ನು ಕಂಡು ಕೃಷ್ಣನು ಕನಿಕರದಿಂದ ತಾನಾಗಿಯೇ ಕಟ್ಟಿಗೆ ಒಳಗಾದನು. ಅವಳು ಆ ಹೊತ್ತಿನಲ್ಲಿ ಧ್ಯಾನ ಮಾಡುತ್ತಿರಲಿಲ್ಲ, ಸ್ತೋತ್ರ ಹೇಳುತ್ತಿರಲಿಲ್ಲ. ಸಿಟ್ಟು, ನಗು, ಸುಸ್ತು ಮೂರೂ ಒಟ್ಟಿಗೆ ಬಂದ, ಕೂದಲು ಕೆದರಿದ, ಮಾಡುವ ಕೆಲಸ ಇನ್ನೂ ಬಾಕಿಯಿದ್ದ ಹೆಂಗಸು ಅವಳು. ಬ್ರಹ್ಮನಿಗಾಗಲಿ, ಶಿವನಿಗಾಗಲಿ, ಎದೆಯಲ್ಲೇ ನೆಲೆಸಿದ ಲಕ್ಷ್ಮಿಗಾಗಲಿ ದೊರೆಯದ ಪ್ರಸಾದವನ್ನು ಈ ಗೋಪಿ ಪಡೆದಳು ಎಂದು ಶುಕಮುನಿಗಳು ಅಲ್ಲಿಯೇ ಘೋಷಿಸುತ್ತಾರೆ. ಪೂಜೆಗೆ ಕುಳಿತರೆ ಒಬ್ಬನು ಘಂಟೆಗಾಗಿ, ಇನ್ನೊಬ್ಬನು ಶಂಖಕ್ಕಾಗಿ ಅಳುವ ಮನೆಯಲ್ಲಿ, ಸಂಕಲ್ಪವನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಓಡುವ ನನ್ನಂಥವರಿಗೆ ಇದಕ್ಕಿಂತ ದೊಡ್ಡ ಆಶ್ವಾಸನೆಯನ್ನು ಬೇರೆ ಯಾವ ಗ್ರಂಥವೂ ಕೊಟ್ಟಿಲ್ಲ.

ಉಡುಪಿಯ ಕೃಷ್ಣನ ಕೈಯಲ್ಲಿ ಚಕ್ರವಿಲ್ಲ, ಕೊಳಲೂ ಇಲ್ಲ. ಕಡಗೋಲು ಮತ್ತು ಹಗ್ಗ ಇವೆ. ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠಾಪಿಸಿದ ಆ ಮೂರ್ತಿಯ ಹಿಂದೆ ದೇವಕಿಯ ಕಥೆಯೊಂದಿದೆ. ಮಗನ ಬಾಲ್ಯವನ್ನು ಕಾಣದ ದೇವಕಿ ದ್ವಾರಕೆಯಲ್ಲಿ ಅದನ್ನು ತೋರಿಸೆಂದು ಕೇಳಿಕೊಂಡಳು; ಬೆಳೆದ ಕೃಷ್ಣ ಮಗುವಾಗಿ ಮೊಸರು ಚೆಲ್ಲಿ, ಬೆಣ್ಣೆ ತಿಂದು, ಕಡಗೋಲು ಹಗ್ಗಗಳನ್ನು ಕಿತ್ತುಕೊಂಡು ಕುಣಿದ; ಅದನ್ನು ಕಂಡ ರುಕ್ಮಿಣಿ ಆ ರೂಪದ ಮೂರ್ತಿಯನ್ನು ವಿಶ್ವಕರ್ಮನಿಂದ ಮಾಡಿಸಿ ಪೂಜಿಸಿದಳು ಎಂಬುದು ಸ್ಥಳಪುರಾಣ. ಒಬ್ಬ ತಾಯಿ ಯಾವ ಕಾಟವನ್ನು ತಾಳಲಾರದೆ ಹಗ್ಗ ಹುಡುಕಿದಳೋ ಅದೇ ಕಾಟವನ್ನು ಇನ್ನೊಬ್ಬ ತಾಯಿ ವರವಾಗಿ ಬೇಡಿದಳು. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಲ್ಲಿ ಅಂಬೆಗಾಲಿಡುವ ನವನೀತಕೃಷ್ಣನಿಗೆ ಸಂತಾನಾರ್ಥಿಗಳು ಪುಟ್ಟ ತೊಟ್ಟಿಲುಗಳನ್ನು ಹರಕೆಯಾಗಿ ಅರ್ಪಿಸುತ್ತಾರೆ. ಆ ತೊಟ್ಟಿಲುಗಳ ಮುಂದೆ ನಿಂತಾಗ ನನ್ನ ಇಬ್ಬರೂ ಒಬ್ಬರ ಕೂದಲನ್ನೊಬ್ಬರು ಹಿಡಿದೆಳೆಯುತ್ತಿದ್ದರು; ನಾನು ಬೈಯಲು ಬಾಯಿ ತೆರೆದವಳು, ಪಕ್ಕದಲ್ಲಿ ತೊಟ್ಟಿಲು ಹಿಡಿದು ನಿಂತಿದ್ದ ಹೆಂಗಸು ಅವರನ್ನು ನೋಡುತ್ತಿದ್ದ ರೀತಿಯನ್ನು ಕಂಡು ಸುಮ್ಮನಾದೆ.

ಇಷ್ಟರಲ್ಲಿ ತಂದೆಯ ಪಾತ್ರವನ್ನು ಮರೆಯಬಾರದು. ಯಶೋದೆ ಮಗನನ್ನು ಕಟ್ಟಿ ಮನೆಗೆಲಸಕ್ಕೆ ಹೋದಳು. ಸದ್ದಡಗಿತೆಂದರೆ ಏನೋ ನಡೆದಿದೆ ಎಂಬ ನಿಯಮ ಗೋಕುಲದಲ್ಲೂ ತಪ್ಪಲಿಲ್ಲ, ಎರಡು ಮತ್ತಿಮರಗಳು ಬುಡಸಹಿತ ಉರುಳಿದವು. ಓಡಿಬಂದ ನಂದಗೋಪನು ಒರಳೆಳೆದುಕೊಂಡು ಬರುತ್ತಿದ್ದ ಮಗನನ್ನು ಕಂಡು ನಕ್ಕು ಹಗ್ಗ ಬಿಚ್ಚಿದನು. ಬೆಳಗಿನಿಂದ ನಡೆದ ಶಿಸ್ತುಕ್ರಮವೆಲ್ಲ ಒಂದು ನಗುವಿನಲ್ಲಿ ಮುಗಿಯಿತು. ನಮ್ಮ ಯಜಮಾನರು ಈ ಪರಂಪರೆಯನ್ನು ನಿಷ್ಠೆಯಿಂದ ಪಾಲಿಸುತ್ತಾರೆ. ಬಾಗಿಲಿನಿಂದ ದೇವರ ಮನೆಯವರೆಗೆ ಅಕ್ಕಿಹಿಟ್ಟಿನಲ್ಲಿ ಪುಟ್ಟ ಹೆಜ್ಜೆಗಳನ್ನು ಮೂಡಿಸುವ ಕೆಲಸವನ್ನು ಅವರಿಗೆ ವಹಿಸಿದ್ದೆ. ಅವರು ಒಂದೇ ಕೈಯ ಮುಷ್ಟಿಯನ್ನು ಒತ್ತುತ್ತ ಬಂದದ್ದರಿಂದ ಹೆಜ್ಜೆಗಳೆಲ್ಲ ಒಂದೇ ಕಾಲಿನವಾದವು. ದೊಡ್ಡವನು ಅದನ್ನು ಪರೀಕ್ಷಿಸಿ, ಕೃಷ್ಣ ನಮ್ಮ ಮನೆಗೆ ಕುಂಟಾಬಿಲ್ಲೆ ಆಡುತ್ತ ಬಂದಿದ್ದಾನೆ ಎಂದು ತೀರ್ಪು ಕೊಟ್ಟ. ಇಬ್ಬರೂ ಒಂಟಿಕಾಲಿನಲ್ಲಿ ಆ ಹೆಜ್ಜೆಗಳ ಮೇಲೆಯೇ ನೆಗೆದು ದೇವರ ಮನೆಯವರೆಗೆ ಹೋದರು; ಅವರ ಹಿಂದೆ ಅವರ ತಂದೆಯೂ ನೆಗೆದರು.

ಅಷ್ಟಮಿಯ ಚಂದ್ರ ಮೂಡುವುದು ನಡುರಾತ್ರಿಯ ಹೊತ್ತಿಗೆ. ಎಚ್ಚರವಾಗಿದ್ದು ಅರ್ಘ್ಯ ಕೊಡುತ್ತೇವೆಂದು ಶಪಥ ಮಾಡಿದ ಇಬ್ಬರೂ ಒಂಬತ್ತು ಗಂಟೆಗೇ ಚಾಪೆಯ ಮೇಲೆ ಉರುಳಿಕೊಂಡಿದ್ದರು. ಬಾಲಕೃಷ್ಣನನ್ನು ಏಕಾಗ್ರತೆಯಿಂದ ಪೂಜಿಸಲು ಬಾಲಕರು ಮಲಗಲೇಬೇಕೆಂಬುದು ಈ ವ್ರತದ ಒಂದು ವಿನೋದ. ಹಾಲಿನ ಅರ್ಘ್ಯ ಕೊಟ್ಟು, ಪುಟ್ಟ ವಿಗ್ರಹವನ್ನು ತೊಟ್ಟಿಲಲ್ಲಿಟ್ಟು ತೂಗುವಾಗ ಅತ್ತೆಯವರು ಜೋಗುಳದ ದನಿಯನ್ನು ಬಹಳ ತಗ್ಗಿಸಿದರು. ಭಕ್ತಿಯಿಂದಲೇ ಇರಬೇಕೆಂದುಕೊಂಡೆ. ‘ಇವರು ಎದ್ದರೆ ಮುಗಿಯಿತು’ ಎಂದು ಅವರೇ ಪಿಸುಗುಟ್ಟಿದರು.

ಮರುದಿನ ಉಡುಪಿಯಲ್ಲಿ ವಿಟ್ಲಪಿಂಡಿ. ಮೃಣ್ಮಯ ಕೃಷ್ಣನ ರಥ ಬರುತ್ತಿರುವಂತೆ ಗೊಲ್ಲ ವೇಷದವರು ರಥಬೀದಿಯಲ್ಲಿ ಎತ್ತರಕ್ಕೆ ಕಟ್ಟಿದ ಮೊಸರುಕುಡಿಕೆಗಳನ್ನು ಒಡೆಯುತ್ತ ಸಾಗುತ್ತಾರೆ. ವರ್ಷವಿಡೀ ‘ಒಡೆಯಬೇಡ, ಚೆಲ್ಲಬೇಡ’ ಎಂದು ಕೇಳಿಸಿಕೊಂಡವರಿಗೆ ಒಂದು ದಿನದ ಅನುಮತಿ ಸಿಗಲೆಂದು ನಾವೂ ಹಿತ್ತಿಲಿನ ಬಾಗಿಲಿಗೆ ಪುಟ್ಟ ಕುಡಿಕೆಯೊಂದನ್ನು ಕಟ್ಟುತ್ತೇವೆ. ಅದು ಒಡೆದು, ಮೊಸರು ಗೋಡೆಗೂ ತಂದೆಯ ಬೆನ್ನಿಗೂ ಚಿಮ್ಮಿ, ಕೇಕೆಗಳೆಲ್ಲ ಅಡಗಿದ ಮೇಲೆ ದೊಡ್ಡವನು ನೆಲವನ್ನೇ ನೋಡುತ್ತ, ಯಶೋದೆಯ ಮನೆಯಲ್ಲಿ ಗಡಿಗೆ ಒಡೆದಾಗ ಮೊಸರನ್ನು ಒರೆಸಿದವರು ಯಾರು ಎಂದು ಅಜ್ಜಿಯನ್ನು ಕೇಳಿದ. ಅದನ್ನು ಶುಕಮುನಿಗಳು ಹೇಳಿಲ್ಲ ಎಂದರು ಅವರು. ‘ಹಾಗಾದರೆ ಕೃಷ್ಣ ಒರೆಸಿರಲಿಲ್ಲ’ ಎಂದು ಅವನು ಗೆದ್ದವನಂತೆ ತಮ್ಮನ ಕಡೆ ನೋಡಿದ.

‘ಒರೆಸಿರಲಿಲ್ಲ ಎಂದೂ ಹೇಳಿಲ್ಲವಲ್ಲ, ಕಂದಾ’ ಎನ್ನುತ್ತ ಅತ್ತೆಯವರು ಇಬ್ಬರ ಕೈಗೂ ಒಂದೊಂದು ಒರೆಸುವ ಬಟ್ಟೆ ಕೊಟ್ಟರು. ಮೂರನೆಯದನ್ನು ತಮ್ಮ ಮಗನಿಗೂ ಕೊಟ್ಟರು.