ನಿಮ್ಮ ಚಿತ್ರಗಳಲ್ಲಿ ಹಳೆಯ ವಾಹನವೊಂದು ಇದ್ದೇ ಇರುತ್ತದಲ್ಲ, ಏಕೆ?

ಬಾಲ್ಯದ ನೆನಪುಗಳನ್ನು ಚಿತ್ರವಾಗಿ ಬರೆಯತೊಡಗಿದ ಮೇಲೆ ನನಗೆ ಅತಿ ಹೆಚ್ಚು ಬಾರಿ ಎದುರಾಗಿರುವ ಪ್ರಶ್ನೆ ಇದು. ಮನೆಯ ಅಂಗಳವನ್ನು ಬರೆದರೂ ಮೂಲೆಯಲ್ಲೊಂದು ಕಾರಿನ ಮೂತಿ ಇಣುಕುತ್ತದೆ, ಮಳೆ ನಿಂತ ರಸ್ತೆಯನ್ನು ಬರೆದರೂ ಅದರ ಅಂಚಿನಲ್ಲಿ ಒಂದು ಸ್ಕೂಟರ್ ನಿಂತಿರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ನನಗೆ ವಾಹನಗಳ ಮೇಲೆ ವಿಶೇಷ ಮೋಹವಿರಬೇಕೆಂದು ಊಹಿಸುತ್ತಾರೆ. ಮೋಹ ಇರುವುದು ನಿಜ. ಆದರೆ ಅಷ್ಟೇ ಆಗಿದ್ದರೆ ವಾಹನವನ್ನಷ್ಟೇ ಬರೆದು ಸುಮ್ಮನಾಗುತ್ತಿದ್ದೆ. ನೆನಪಿನಿಂದ ಚಿತ್ರ ಬರೆಯುವವರು ತಮ್ಮ ನೆನಪನ್ನು ಪೂರ್ತಿಯಾಗಿ ನಂಬುವಂತಿಲ್ಲ. ಆ ನೆನಪಿನೊಳಗೆ ಇಂದಿಗೂ ಪರೀಕ್ಷಿಸಿ ನೋಡಬಹುದಾದ ವಸ್ತು ಯಾವುದಾದರೂ ಉಳಿದಿದ್ದರೆ, ಅದು ಬಹುಮಟ್ಟಿಗೆ ಅಲ್ಲಿ ನಿಂತಿದ್ದ ವಾಹನವೇ ಆಗಿರುತ್ತದೆ. ಅದನ್ನು ನಾನು ಸಾಕ್ಷಿಯಾಗಿ ಇರಿಸಿಕೊಳ್ಳುತ್ತೇನೆ.

ನೆನಪು ಎನ್ನುವುದು ಪೆಟ್ಟಿಗೆಯಿಂದ ತೆಗೆದು ನೋಡುವ ಪಟವಲ್ಲ, ನೆನೆದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂಬುದನ್ನು ಕೇಂಬ್ರಿಡ್ಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ವಿವರವಾಗಿ ತೋರಿಸಿದ್ದರು. ಅಪರಿಚಿತ ನಾಡಿನ ಕಥೆಯೊಂದನ್ನು ಓದಿದವರು ಅದನ್ನು ದಿನಗಳು, ತಿಂಗಳುಗಳು ಕಳೆದ ಮೇಲೆ ಮತ್ತೆ ಹೇಳುವಾಗ, ತಮಗೆ ವಿಚಿತ್ರವೆನಿಸಿದ ವಿವರಗಳನ್ನು ಬಿಟ್ಟುಬಿಟ್ಟು, ತಮಗೆ ಪರಿಚಿತವಾದುದನ್ನು ಆ ಜಾಗದಲ್ಲಿ ತುಂಬಿ ಕಥೆಯನ್ನು ತಮಗೆ ಒಪ್ಪುವಂತೆ ಮಾಡಿಕೊಳ್ಳುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ತಾವು ಹೇಳುತ್ತಿರುವುದೇ ಮೂಲ ಕಥೆ ಎಂದು ನಂಬಿದ್ದರು. ಕ್ಯಾನ್ವಾಸಿನ ಮುಂದೆ ಕುಳಿತ ನಾನೂ ಇದನ್ನೇ ಮಾಡುತ್ತೇನೆ, ಮಾಡುತ್ತಿರುವುದು ನನಗೆ ತಿಳಿಯುವುದೂ ಇಲ್ಲ. ಅಂಗಳದ ಮರ ನೆನಪಿನಲ್ಲಿ ಬೆಳೆದುಬಿಡುತ್ತದೆ, ಗೋಡೆ ಎತ್ತರವಾಗುತ್ತದೆ, ಸಂಜೆಯ ಬೆಳಕು ಇದ್ದುದಕ್ಕಿಂತ ಹೊಂಬಣ್ಣವಾಗುತ್ತದೆ. ಆ ಮರ ಈಗ ಇಲ್ಲ, ಗೋಡೆ ಬಿದ್ದುಹೋಗಿದೆ, ಆ ಸಂಜೆಯನ್ನಂತೂ ಮರಳಿ ತರಲಾಗುವುದಿಲ್ಲ. ಕಾರಿನ ಮಾತು ಬೇರೆ. ಅದು ಕಾರ್ಖಾನೆಯ ನಕ್ಷೆಯಂತೆ ತಯಾರಾದದ್ದು, ಅದರ ಒಂದೊಂದು ಬದಲಾವಣೆಗೂ ಇಸವಿಯಿದೆ, ಅದೇ ಅಚ್ಚಿನ ಸಾವಿರಾರು ಕಾರುಗಳು ಲೋಕದಲ್ಲಿ ಎಲ್ಲೆಲ್ಲೋ ಉಳಿದಿವೆ.

ಇದು ನನಗೆ ಮನದಟ್ಟಾದದ್ದು ಒಂದು ಚಿತ್ರದಿಂದ. ನನಗೆ ಆರು ವರ್ಷವಿದ್ದಾಗ ಚಿಕ್ಕಮ್ಮ, ಚಿಕ್ಕಪ್ಪ ನಮ್ಮ ಮನೆಯಲ್ಲಿ ಕೆಲವು ದಿನ ಇದ್ದು ಹೊರಟುಹೋದರು. ಗೇಟಿನ ಬಳಿ ನಿಂತಿದ್ದ ನಾನು, ಅವರ ಬೀಟಲ್ ಕಾರು ತಿರುವು ದಾಟುವವರೆಗೂ ಹಿಂದಿನ ಗಾಜಿನಲ್ಲಿ ಚಿಕ್ಕಮ್ಮ ಕೈಬೀಸುತ್ತಿದ್ದುದನ್ನು ನೋಡುತ್ತಿದ್ದೆ. ಬಹಳ ವರ್ಷಗಳ ನಂತರ ಅದನ್ನು ಬರೆದಾಗ, ಅಗಲವಾದ ಹಿಂಗಾಜಿನಲ್ಲಿ ಅವರ ಮುಖವೂ ಭುಜವೂ ಸ್ಪಷ್ಟವಾಗಿ ಕಾಣುವಂತೆ ಬರೆದಿದ್ದೆ. ಚಿತ್ರ ಚೆನ್ನಾಗಿಯೇ ಇತ್ತು, ನೋಡಿದವರು ಮೆಚ್ಚಿದ್ದರು. ಆಮೇಲೆ ಹಳೆಯ ಆಲ್ಬಮ್ಮಿನಲ್ಲಿ ಅದೇ ಕಾರಿನ ಹಿಂಭಾಗ ಅರ್ಧಂಬರ್ಧ ಸಿಕ್ಕಿದ ಒಂದು ಫೋಟೊ ದೊರಕಿತು. ಗಾಜು ಮೊಟ್ಟೆಯಾಕಾರದ್ದು, ಚಿಕ್ಕದು.

ಬೀಟಲ್ ಕಾರಿನ ಹಿಂಗಾಜಿಗೆ ಒಂದು ಚರಿತ್ರೆಯೇ ಇದೆ. 1953ರ ಮಾರ್ಚ್‌ವರೆಗೆ ನಡುವೆ ಪಟ್ಟಿಯಿದ್ದು ಎರಡು ಹೋಳಾಗಿದ್ದ ಗಾಜು, ಅಲ್ಲಿಂದ 1957ರವರೆಗೆ ಒಂದೇ ತುಂಡಿನ ಮೊಟ್ಟೆಯಾಕಾರದ ಗಾಜು, ಆಮೇಲೆ ಅಗಲವಾದ ಚೌಕಾಕಾರದ ಗಾಜು. ನಾನು ದೊಡ್ಡವನಾದ ಮೇಲೆ ರಸ್ತೆಗಳಲ್ಲಿ ನೋಡಿದ ಬೀಟಲ್‌ಗಳು ಈ ಮೂರನೆಯ ಬಗೆಯವು. ಅವುಗಳ ಗಾಜನ್ನು ತಂದು ಚಿಕ್ಕಪ್ಪನ ಕಾರಿಗೆ ಕೂರಿಸಿದ್ದೆ. ಗಾಜು ದೊಡ್ಡದಾದ್ದರಿಂದ ಅದರೊಳಗೆ ಮುಖವೂ ಬಂದು ಕೂತಿತ್ತು. ಮೊಟ್ಟೆಯಾಕಾರದ ಗಾಜನ್ನು ಬರೆದು ನೋಡಿದಾಗ ಮುಖಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಉಳಿದದ್ದು ಒಂದು ಕೈ ಮಾತ್ರ. ಆಗ ನನಗೆ ಹೊಳೆಯಿತು: ಮುಖ ನನಗೆ ಎಂದೂ ನೆನಪಿರಲಿಲ್ಲ, ಕೈಯಷ್ಟೇ ನೆನಪಿತ್ತು. ಮುಖವನ್ನು ನಾನು ಆಸೆಯಿಂದ ಸೇರಿಸಿದ್ದೆ.

ಅಂದಿನಿಂದ ಕೆಲಸದ ಕ್ರಮವನ್ನೇ ಬದಲಿಸಿಕೊಂಡೆ. ಮೊದಲು ನೆನಪಿರುವುದನ್ನು ಮಾತಿನಲ್ಲಿ ಬರೆದುಕೊಳ್ಳುತ್ತೇನೆ, ಬಣ್ಣ, ಸದ್ದು, ಪೆಟ್ರೋಲಿನ ವಾಸನೆ, ಬಿಸಿಲಿಗೆ ಕಾದ ಸೀಟು ತೊಡೆಗೆ ಅಂಟಿಕೊಳ್ಳುತ್ತಿದ್ದುದು, ಎಲ್ಲವನ್ನೂ. ಅನಂತರ ಯಾವ ಫೋಟೊವನ್ನೂ ನೋಡದೆ ಪೆನ್ಸಿಲಿನಲ್ಲಿ ಇಡೀ ದೃಶ್ಯವನ್ನು ಬರೆದು ಮುಗಿಸುತ್ತೇನೆ. ಅದಾದ ಮೇಲೆ ಮಾತ್ರ ವಾಹನದ ಮಾದರಿಯನ್ನು ಹುಡುಕಿ, ಫೋಟೊಗಳನ್ನೂ ಸಾಧ್ಯವಾದರೆ ನಿಜವಾದ ವಾಹನವನ್ನೂ ನೋಡಿ ತಿದ್ದುತ್ತೇನೆ. ಈ ಕ್ರಮ ಹಿಂದುಮುಂದಾಗಬಾರದು. ಫೋಟೊವನ್ನು ಒಮ್ಮೆ ನೋಡಿದರೆ ನೆನಪು ತನ್ನದೆಲ್ಲವನ್ನೂ ಬಿಟ್ಟುಕೊಟ್ಟು ಫೋಟೊವನ್ನೇ ತನ್ನದೆಂದು ಹೇಳತೊಡಗುತ್ತದೆ. ಆಮೇಲೆ ಎಷ್ಟು ಪ್ರಯತ್ನಿಸಿದರೂ ಎರಡನ್ನೂ ಬೇರ್ಪಡಿಸಲಾಗುವುದಿಲ್ಲ.

ಹೀಗೆ ಹುಡುಕುವಾಗ ಸಣ್ಣ ಗುರುತುಗಳೇ ದೊಡ್ಡ ಸಹಾಯ ಮಾಡುತ್ತವೆ. ಮೋರಿಸ್ ಮೈನರ್ ಕಾರಿನ ಮುಂಗಾಜು 1956ರವರೆಗೆ ನಡುವೆ ಕೂಡುವ ಎರಡು ಚಪ್ಪಟೆ ಹಲಗೆಗಳಾಗಿತ್ತು. ಅಲ್ಲಿಂದ ಮುಂದೆ ಬಾಗಿದ ಒಂದೇ ಗಾಜು ಬಂತು. ಚಿತ್ರಕಾರನಿಗೆ ಇದು ಬಹಳ ಮುಖ್ಯ, ಏಕೆಂದರೆ ಆ ಎರಡು ಹಲಗೆಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರುವುದರಿಂದ ಒಂದರಲ್ಲಿ ಆಕಾಶದ ಬಿಳುಪು ತುಂಬಿದ್ದಾಗ ಇನ್ನೊಂದರಲ್ಲಿ ಮರದ ಕಪ್ಪು ನೆರಳು ಇರಬಹುದು. ಆ ಕಾರಿಗೆ ಎರಡು ಬಗೆಯ ನೋಟವಿರುವಂತೆ ಚಿಕ್ಕಂದಿನಲ್ಲಿ ಅನ್ನಿಸುತ್ತಿದ್ದುದಕ್ಕೆ ಕಾರಣ ಇದೇ ಇರಬೇಕು. ವೆಸ್ಪಾ ಸ್ಕೂಟರ್ 1946ರಲ್ಲಿ ಬಂದಾಗ ಅದರ ದೀಪ ಮುಂದಿನ ಮಡ್‌ಗಾರ್ಡಿನ ಮೇಲಿತ್ತು, ಮುಂದೆ ಅದು ಹ್ಯಾಂಡಲಿಗೆ ಏರಿತು. ಫೋರ್ಡ್ ಮಾಡೆಲ್ ಟಿ ತಯಾರಾದದ್ದು 1908ರಿಂದ 1927ರವರೆಗೆ. ಅದು ಕಪ್ಪು ಬಣ್ಣದಲ್ಲಿ ಮಾತ್ರ ಬರುತ್ತಿತ್ತೆಂಬ ಮಾತು ಎಲ್ಲರಿಗೂ ಗೊತ್ತಿದ್ದರೂ, 1914ಕ್ಕೆ ಮೊದಲೂ ಕೊನೆಯ ವರ್ಷಗಳಲ್ಲೂ ಬೇರೆ ಬಣ್ಣಗಳಿದ್ದವು. 1916ರವರೆಗಿನ ಮಾಡೆಲ್ ಟಿ ಕಾರುಗಳ ರೇಡಿಯೇಟರ್ ಹಿತ್ತಾಳೆಯದು. ವಾಹನಗಳಲ್ಲಿ ಕ್ರೋಮ್ ಲೇಪ ಬಳಕೆಗೆ ಬಂದದ್ದು 1920ರ ದಶಕದ ಕೊನೆಯ ಭಾಗದಲ್ಲಿ. ಅದಕ್ಕಿಂತ ಹಳೆಯ ಕಾರಿನ ದೀಪಕ್ಕೆ ಬೆಳ್ಳಿಯಂಥ ನೀಲಿ ಹೊಳಪು ಹಚ್ಚಿದರೆ, ಇಸವಿ ತಿಳಿಯದವರಿಗೂ ಏನೋ ಹೊಂದುತ್ತಿಲ್ಲವೆಂದು ಅನ್ನಿಸುತ್ತದೆ.

ಆದರೆ ಮಾದರಿಯ ಇಸವಿಯೇ ದೃಶ್ಯದ ಇಸವಿಯಲ್ಲ. ವಾಹನ ಹೇಳುವುದು ಈ ದೃಶ್ಯ ಇದಕ್ಕಿಂತ ಹಿಂದಿನದಲ್ಲ ಎಂಬುದನ್ನು ಮಾತ್ರ. ಚಿಕ್ಕಪ್ಪನ ಕಾರು ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಎಷ್ಟೋ ಕೈ ಬದಲಾಗಿತ್ತು. ಅದರ ಒಂದು ಮಡ್‌ಗಾರ್ಡ್ ಉಳಿದ ಮೈಗಿಂತ ಒಂದು ಛಾಯೆ ಗಾಢವಾಗಿತ್ತು, ಎಲ್ಲೋ ತಾಗಿಸಿ ಮತ್ತೆ ಬಣ್ಣ ಹೊಡೆಸಿದ್ದಿರಬೇಕು. ಹಳೆಯ ಕಾಲದ ಬೀದಿಯನ್ನು ಬರೆಯುವ ಎಷ್ಟೋ ಜನ ಎಲ್ಲ ವಾಹನಗಳನ್ನೂ ಒಂದೇ ವರ್ಷದವೆಂಬಂತೆ ಸಾಲಾಗಿ ನಿಲ್ಲಿಸಿಬಿಡುತ್ತಾರೆ. ನಿಜವಾದ ಬೀದಿಯಲ್ಲಿ ಇಪ್ಪತ್ತು ವರ್ಷದ ಹಳೆಯ ಕಾರಿನ ಪಕ್ಕದಲ್ಲಿ ನಿನ್ನೆ ತಂದ ಸೈಕಲ್ ನಿಂತಿರುತ್ತದೆ. ಬಿಸಿಲಿಗೆ ಬಣ್ಣ ಮಾಸುವುದೂ ಒಂದೇ ಸಮನಾಗಿಯಲ್ಲ: ಆಕಾಶಕ್ಕೆ ಮುಖ ಮಾಡಿದ ಬಾನೆಟ್ಟು, ಚಾವಣಿ ಬೇಗ ಸುಣ್ಣದ ಪುಡಿ ಬಳಿದಂತಾಗುತ್ತವೆ, ಬಾಗಿಲಿನ ಕೆಳಭಾಗ ಹಳೆಯ ಬಣ್ಣವನ್ನು ಉಳಿಸಿಕೊಂಡಿರುತ್ತದೆ. ಇಷ್ಟನ್ನು ಸರಿಯಾಗಿ ಬರೆದರೆ ಆ ಕಾರು ಎಷ್ಟು ವರ್ಷ ಬಿಸಿಲಿನಲ್ಲಿ ನಿಂತಿತ್ತು ಎಂಬುದನ್ನು ಬೇರೆ ಹೇಳಬೇಕಾಗುವುದಿಲ್ಲ.

ಹಳೆಯದನ್ನು ಬರೆಯುವುದೆಂದರೆ ಎಲ್ಲದರ ಮೇಲೂ ಕಂದು ಬಣ್ಣದ ತೆಳು ಲೇಪ ಹರಿಸುವುದೆಂದು ತಿಳಿದವರಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಆ ಕಂದು ಬಣ್ಣ ಕಳೆದುಹೋದ ಕಾಲದ್ದಲ್ಲ, ಫೋಟೊ ಕಾಗದದ್ದು. ಕಪ್ಪುಬಿಳುಪು ಪ್ರತಿಯಲ್ಲಿರುವ ಬೆಳ್ಳಿಯನ್ನು ಸಲ್ಫೈಡಾಗಿ ಮಾರ್ಪಡಿಸಿದಾಗ ಬರುವ ಬಣ್ಣ. ಸುಮಾರು ಐವತ್ತು ವರ್ಷದ ಹಿಂದಿನ ಬಣ್ಣದ ಫೋಟೊಗಳೂ ನಂಬಿಕೆಗೆ ಯೋಗ್ಯವಲ್ಲ, ಅವುಗಳಲ್ಲಿನ ಹಸಿರುನೀಲಿಯ ಪದರ ಆಲ್ಬಮ್ಮಿನ ಕತ್ತಲಲ್ಲೇ ಮೊದಲು ಅಳಿದುಹೋಗಿ ಇಡೀ ಫೋಟೊ ಕೆಂಪಡರುತ್ತದೆ. ಅದನ್ನು ನೋಡಿ ಬಣ್ಣ ಕಲಸಿದರೆ, ನಾವು ಬರೆಯುವುದು ಆ ದಿನವನ್ನಲ್ಲ, ಹಾಳಾದ ಕಾಗದವನ್ನು. ಆ ದಿನ ಎಲೆ ಹಸಿರಾಗಿಯೇ ಇತ್ತು, ಆಕಾಶ ಇಂದಿನಷ್ಟೇ ನೀಲಿಯಾಗಿತ್ತು. ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1844ರಲ್ಲಿ ಮಳೆಯೊಳಗಿಂದ ನುಗ್ಗಿಬರುವ ರೈಲಿನ ಚಿತ್ರವನ್ನು ಪ್ರದರ್ಶನಕ್ಕಿಟ್ಟಾಗ, ಫ್ರಾನ್ಸಿನ ಚಿತ್ರಕಾರ ಮೊನೆ 1877ರಲ್ಲಿ ಪ್ಯಾರಿಸ್‌ನ ರೈಲು ನಿಲ್ದಾಣದ ಹೊಗೆಯನ್ನು ಮತ್ತೆ ಮತ್ತೆ ಬರೆದಾಗ, ಅವರು ಹಳೆಯ ಕಾಲವನ್ನು ಬರೆಯುತ್ತಿರಲಿಲ್ಲ. ತಮ್ಮ ಕಣ್ಣೆದುರಿನ ಅತಿ ಹೊಸದನ್ನು ಬರೆಯುತ್ತಿದ್ದರು. ನಮಗೆ ಇಂದು ಹಳೆಯದೆನಿಸುವ ವಾಹನ ಅಂದು ಯಾರದೋ ಮನೆಯ ಹೆಮ್ಮೆಯಾಗಿತ್ತು, ಬೆಳಿಗ್ಗೆ ಎದ್ದು ಒಬ್ಬರು ಅದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ತುಕ್ಕು ಹಿಡಿದು ಪೊದೆಯಲ್ಲಿ ಬಿದ್ದಿರುವ ಅದರ ಇಂದಿನ ಸ್ಥಿತಿಯನ್ನು ಆ ಬೆಳಗಿನೊಳಗೆ ತಂದಿಡುವುದು ನನಗೆ ಅನ್ಯಾಯವೆನಿಸುತ್ತದೆ.

ಇನ್ನು ಬರೆಯುವ ಕೈಗೆ ಸಂಬಂಧಿಸಿದ ಮಾತು. ವಾಹನದಲ್ಲಿ ಕಷ್ಟವಾದದ್ದು ಚಕ್ರ. ಓರೆಯಿಂದ ನೋಡಿದಾಗ ವೃತ್ತ ದೀರ್ಘವೃತ್ತವಾಗುತ್ತದೆ, ಆ ದೀರ್ಘವೃತ್ತದ ಚಿಕ್ಕ ಅಕ್ಷ ಎರಡು ಚಕ್ರಗಳನ್ನು ಜೋಡಿಸುವ ಅಚ್ಚಿನ ದಿಕ್ಕಿನಲ್ಲೇ ಇರಬೇಕು. ಇದು ತಪ್ಪಿದರೆ ಚಕ್ರ ಕಳಚಿ ಬೀಳುವಂತೆ ಕಾಣುತ್ತದೆ. ಟೈರು ನೆಲ ಮುಟ್ಟುವಲ್ಲಿ ತುಸು ಚಪ್ಪಟೆಯಾಗಿರಬೇಕು, ಅದರ ಬುಡದ ನೆರಳು ಚಿತ್ರದಲ್ಲೇ ಅತ್ಯಂತ ಗಾಢವಾಗಿರಬೇಕು, ಇಲ್ಲದಿದ್ದರೆ ಕಾರು ತೇಲುತ್ತದೆ. ಕ್ರೋಮ್ ಬಂಪರಿಗೆ ಸ್ವಂತದ ಬಣ್ಣವೇ ಇಲ್ಲ: ಮೇಲ್ಭಾಗದಲ್ಲಿ ಆಕಾಶ, ಕೆಳಭಾಗದಲ್ಲಿ ರಸ್ತೆ, ನಡುವೆ ದಿಗಂತದ ಒಂದು ಕಪ್ಪು ಗೆರೆ. ನಾನು ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬಣ್ಣ ಎರಡನ್ನೇ ಬೆರೆಸಿ ಇಡೀ ಬಂಪರನ್ನು ಬರೆಯುತ್ತೇನೆ. ಕಾಗದದ ಬಿಳುಪನ್ನು ಒಂದೆರಡು ಕಡೆ ಹಾಗೆಯೇ ಬಿಟ್ಟರೆ ಹೊಳಪು ತಾನಾಗಿ ಬರುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ಕಣ್ಣಿನ ಎತ್ತರ. ನಿಂತ ವ್ಯಕ್ತಿಯ ಕಣ್ಣು ನೆಲದಿಂದ ಎಷ್ಟು ಮೇಲಿದೆಯೋ, ಚಿತ್ರದ ದಿಗಂತರೇಖೆಯೂ ಅಷ್ಟೇ ಮೇಲಿರುತ್ತದೆ. ಬೆಳೆದವರ ಕಣ್ಣು ಬೀಟಲ್ ಕಾರಿನ ಚಾವಣಿಯ ಮಟ್ಟಕ್ಕೋ ಅದಕ್ಕಿಂತ ತುಸು ಮೇಲಕ್ಕೋ ಬರುತ್ತದೆ, ಏಕೆಂದರೆ ಆ ಕಾರಿನ ಎತ್ತರ ಸುಮಾರು ಒಂದೂವರೆ ಮೀಟರ್. ಆರು ವರ್ಷದ ಮಗುವಿನ ಕಣ್ಣು ಒಂದು ಮೀಟರಿನ ಆಸುಪಾಸಿನಲ್ಲಿರುತ್ತದೆ. ಆ ಮಗುವಿಗೆ ಚಾವಣಿಯ ಮೇಲ್ಭಾಗ ಕಾಣುವುದೇ ಇಲ್ಲ, ಮಡ್‌ಗಾರ್ಡಿನ ಕೆಳಗಿನ ಕತ್ತಲು ಕಾಣುತ್ತದೆ, ಹೆಡ್‌ಲೈಟು ಮುಖಕ್ಕೆ ಎದುರಾಗಿ ನಿಲ್ಲುತ್ತದೆ. ಬಾಲ್ಯದ ಚಿತ್ರದಲ್ಲಿ ದಿಗಂತರೇಖೆಯನ್ನು ಒಂದು ಮೀಟರಿಗೆ ಇಳಿಸಿದ ಕೂಡಲೇ, ಬೇರೇನನ್ನೂ ಮಾಡದೆಯೇ, ನೋಡುವವರು ಮಗುವಾಗಿಬಿಡುತ್ತಾರೆ. ಇದನ್ನು ನಾನು ಕಲಿಯುವುದಕ್ಕೆ ಹಲವು ವರ್ಷ ಹಿಡಿಯಿತು, ಅದಕ್ಕೆ ಮೊದಲು ಬರೆದ ಚಿತ್ರಗಳಲ್ಲೆಲ್ಲ ದೊಡ್ಡವನಾದ ನಾನು ನನ್ನ ಬಾಲ್ಯದ ಗೇಟಿನ ಬಳಿ ನಿಂತಿದ್ದೇನೆ.

ಗಾಜನ್ನು ತಿದ್ದಿ, ದಿಗಂತವನ್ನು ಇಳಿಸಿ ಎರಡನೆಯ ಬಾರಿ ಬರೆದ ಆ ಬೀಳ್ಕೊಡುಗೆಯ ಚಿತ್ರವನ್ನು ಅಕ್ಕನಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಚಿಕ್ಕಮ್ಮ ಹಿಂದೆ ಕೂತಿರಲಿಲ್ಲ ಕಣೋ, ಚಿಕ್ಕಪ್ಪನ ಪಕ್ಕದಲ್ಲಿ ಕೂತಿದ್ದರು. ಹಿಂದಿನ ಸೀಟಿನ ತುಂಬ ಪೆಟ್ಟಿಗೆಗಳಿದ್ದವು, ಕಟ್ಟಿಕೊಟ್ಟವಳು ನಾನೇ" ಎಂದಳು. ಅವಳಿಗೆ ಆಗ ಹದಿನಾಲ್ಕು ವರ್ಷ. ಅವಳ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಹಾಗಿದ್ದರೆ ನಾನು ನೋಡಿದ ಕೈ ಯಾರದು? ಮನೆಗೆ ಬಂದು ಬೀಟಲ್ ಕಾರಿನ ಪಕ್ಕನೋಟದ ನಕ್ಷೆಯನ್ನು ಹಾಳೆಯ ಮೇಲೆ ಎಳೆದು, ಗೇಟಿನ ಬಳಿ ಒಂದು ಮೀಟರ್ ಎತ್ತರದಲ್ಲಿ ಒಂದು ಚುಕ್ಕೆಯಿಟ್ಟು, ಅಲ್ಲಿಂದ ಹಿಂಗಾಜಿನ ಮೂಲಕ ಸ್ಕೇಲು ಹಿಡಿದು ಗೆರೆ ಎಳೆದೆ. ಮಗುವಿನ ಕಣ್ಣು ಗಾಜಿಗಿಂತ ಕೆಳಗಿದ್ದುದರಿಂದ ಗೆರೆ ತುಸು ಮೇಲ್ಮುಖವಾಗಿ ಒಳಹೊಕ್ಕು, ಹಿಂದಿನ ಸೀಟಿನ ಪೆಟ್ಟಿಗೆಗಳ ಮೇಲಿಂದ ಹಾಯ್ದು, ಮುಂದಿನ ಸೀಟಿನ ಬೆನ್ನನ್ನೂ ದಾಟಿತು. ಆ ಕಾಲದ ಸೀಟುಗಳಿಗೆ ತಲೆಯಾನಿಸುವ ಭಾಗ ಇರಲಿಲ್ಲ. ಮುಂದೆ ಕೂತವರು ಕೈಯನ್ನು ಚಾವಣಿಯ ಹತ್ತಿರ ಎತ್ತಿ ಬೀಸಿದರೆ ಅದು ಸರಿಯಾಗಿ ಆ ಗೆರೆಯ ಮೇಲೆಯೇ ಬರುತ್ತಿತ್ತು.

ಮಾರನೆಯ ದಿನ ಚಿತ್ರದಲ್ಲಿದ್ದ ಕೈಯನ್ನು ಕೆರೆದು ತೆಗೆದು, ಅದನ್ನು ಚಾಲಕನ ಪಕ್ಕದ ಬದಿಗೆ ಸರಿಸಿ, ಮೊದಲಿಗಿಂತ ಚಿಕ್ಕದಾಗಿ, ಕಾರಿನೊಳಗಿನ ನೆರಳಿನ ಬಣ್ಣದಲ್ಲಿ ಎರಡೇ ಎಳೆತಗಳಲ್ಲಿ ಬರೆದೆ.