127.0.0.1

ರಾತ್ರಿ 11ಕ್ಕೆ, ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟುವ ಸಾಧನವಾದ ಫ್ಲಾಸ್ಕ್‌ನಲ್ಲಿ ಒಂದು ಸ್ಯಾಂಪಲ್ ಆ್ಯಪ್ ಎಬ್ಬಿಸಿದೆ. ಒಂದೇ ಪುಟ. "ನಮಸ್ಕಾರ" ಅನ್ನುತ್ತದೆ, ಅಷ್ಟೇ.

ಲ್ಯಾಪ್‌ಟಾಪಿನಲ್ಲಿ ತೆರೆಯಿತು. ಅದೇ ಖುಷಿಗೆ ಪಕ್ಕದ ರೂಮಿನ ತಂಗಿಗೆ ಲಿಂಕ್ ಕಳಿಸಿದೆ. 127.0.0.1:5000.

"ಏನೂ ಬರ್ತಿಲ್ಲ ಕಣೋ."

ಬರೋದಾದರೂ ಹೇಗೆ? ಆ ವಿಳಾಸಕ್ಕೆ "ನಾನೇ" ಅಂತ ಅರ್ಥ. ಅವಳ ಫೋನು ಪಾಪ, ತನ್ನೊಳಗೇ ಹುಡುಕಿ ಸುಮ್ಮನಾಗಿತ್ತು. ಫ್ಲಾಸ್ಕ್ ಕೂಡ ಸುಮ್ನೆ ಬಿಟ್ಟರೆ ಹೊರಗಿನವರಿಗೆ ಕಿವಿ ಕೊಡುವುದಿಲ್ಲ. ಹೋಸ್ಟನ್ನು 0.0.0.0 ಮಾಡಿ, ಅಂದರೆ ಹೊರಗಿನವರಿಗೂ ಕಿವಿ ಕೊಡು ಅಂತ ಹೇಳಿ, ವೈಫೈ ನನ್ನ ಲ್ಯಾಪ್‌ಟಾಪಿಗೆ ಕೊಟ್ಟಿದ್ದ, 192.168ರಿಂದ ಶುರುವಾಗುವ ವಿಳಾಸ ಕಳಿಸಿದೆ. ಬಂತು.

"ನನ್ನ ಮಷೀನಲ್ಲಿ ಓಡ್ತಿದೆಯಲ್ಲ" ಅಂತ ಆಫೀಸಲ್ಲಿ ಎಷ್ಟು ಸಲ ಹೇಳಿದ್ದೇನೋ. ನನಗೆ ನಾನೇ ಫೋನ್ ಮಾಡಿಕೊಂಡು ಲೈನ್ ಸರಿಯಿದೆ ಅಂದ ಹಾಗೆ, ಅಲ್ವಾ?

ತಂಗಿ ಆಗಲೇ ನಾಲ್ಕು ಸಲ ರಿಫ್ರೆಶ್ ಮಾಡಿದ್ದಾಳೆ. "ನಮಸ್ಕಾರ ಆಯ್ತು, ಮುಂದೆ?" ಅಂತಾಳೆ.